ಮೂವತ್ತು

ಅಂಗಡಿಯ ಹುಡುಗ ಕೇಳುತ್ತಾನೆ, ಯಾವ ಆಯಿಲ್ ಅಜ್ಜಿ?
ಐದು-ಡಬ್ಲ್ಯೂ-ಮೂವತ್ತು. ಬಿಸಿಲಿಗೂ ಅದೇ, ಹಿಮಕ್ಕೂ ಅದೇ.
ಪ್ಲಾಸ್ಟಿಕ್ ಡಬ್ಬಿ, ತಿರುಪಿನ ಮುಚ್ಚಳ,
ಒಂದು ಹನಿ ಕೈಗಂಟುವುದಿಲ್ಲ.
ತಲೆಯಾಡಿಸಿ ಕೊಂಡು ಬರುತ್ತೇನೆ.
ಅವನಿಗೇನು ಗೊತ್ತು,
ನಮ್ಮ ಕಾಲದಲ್ಲಿ ಎಣ್ಣೆಗೆ ಒಂದೇ ಅಂಕಿ,
ಒಂದೇ ಋತು.

ಬೇಸಿಗೆಗೆ ಮೂವತ್ತು.
ಗೋಧಿ ಕೊಯ್ಲು ಮುಗಿಯುವಾಗ ಇಪ್ಪತ್ತು.
ಹಿಮ ಕೂತ ಮೇಲೆ ಹತ್ತು.
ಸಸ್ಕಾಚೆವಾನಿನ ಬಯಲಲ್ಲಿ ನಾನು ಅಂಕಿ ಕಲಿತದ್ದು
ಶೆಡ್ಡಿನ ಗೋಡೆಗೆ ಅಪ್ಪ ಸೀಮೆಸುಣ್ಣದಲ್ಲಿ ಬರೆದ
ಈ ಇಳಿಲೆಕ್ಕದಿಂದ.
ತಗಡಿನ ಡಬ್ಬಿಗೆ ಮೂತಿ ಚುಚ್ಚುವಾಗ ಟಕ್ಕೆಂದು ಒಂದು ಸದ್ದು,
ಆಮೇಲೆ ಎಣ್ಣೆ, ಜೇನಿನದೇ ಬಣ್ಣ.
ಅಣ್ಣ ಹ್ರಿಹೋರಿ ಒಮ್ಮೆ ಬೆರಳದ್ದಿ ನೆಕ್ಕಿ
ಮೂರು ದಿನ ಪಾಯಿಖಾನೆಗೆ ಓಡಿದ.

ಜನವರಿಯಲ್ಲಿ ಹತ್ತೂ ಸಾಲುತ್ತಿರಲಿಲ್ಲ.
ರಾತ್ರಿ ಎಂಜಿನ್ ಬಿಸಿಯಿರುವಾಗಲೇ
ಅಪ್ಪ ಫಾರ್ಗೋ ಟ್ರಕ್ಕಿನಡಿ ತೂರಿ, ನಟ್ಟು ಬಿಚ್ಚಿ,
ಎಣ್ಣೆಯನ್ನೆಲ್ಲ ಬಸಿದು
ಹಾಲು ಕರೆದು ತಂದವನ ಹಾಗೆ ಒಳಗೆ ತರುತ್ತಿದ್ದ.
ಒಲೆಯ ಹಿಂದೆ ಆ ಡಬ್ಬಕ್ಕೊಂದು ಜಾಗ,
ಅಮ್ಮ ಹುದುಗಲಿಟ್ಟ ರೊಟ್ಟಿಹಿಟ್ಟಿನ ಪಕ್ಕದಲ್ಲಿ.
ಬೆಳಿಗ್ಗೆ ಎರಡೂ ತಯಾರು.
ರೊಟ್ಟಿಗೆ ಟ್ರಕ್ಕಿನ ವಾಸನೆ ಹತ್ತಿದೆ ಎಂದು
ಪರಾಸ್ಕಾ ಅಜ್ಜಿ ಗೊಣಗುತ್ತಿದ್ದಳು.
ನನಗೆ ಇವತ್ತಿಗೂ ಪೇಟೆಯ ಬ್ರೆಡ್ಡಿನಲ್ಲಿ ಏನೋ ಕಡಿಮೆ.

ನಲವತ್ತೊಂಬತ್ತರ ಅಕ್ಟೋಬರ್.
ಎಂಜಿನ್ನಿನಲ್ಲಿ ಇನ್ನೂ ಬೇಸಿಗೆಯ ಮೂವತ್ತು.
"ಇನ್ನೂರು ಮೈಲಿ ಬರುತ್ತೆ ಇನ್ನೂ, ಚೆಲ್ಲೋದಾ?"
ಹತ್ತರ ಹೊಸ ಡಬ್ಬಿಗಳು ಹಲಗೆಯ ಮೇಲೆ ಸಾಲಾಗಿ ಕೂತಿದ್ದವು.
ಎಣ್ಣೆ ಬಂದಾಗ ಕಣ್ಣು ಮುಚ್ಚಿದ, ನಮ್ಮಪ್ಪ.
ಆ ರಾತ್ರಿ ಉತ್ತರದಿಂದ ಚಳಿ ಇಳಿಯಿತು, ಹೇಳದೆ ಕೇಳದೆ.
ಬಾವಿಕಟ್ಟೆಯ ಬಕೆಟ್ಟು ತಳದವರೆಗೂ ಕಲ್ಲು.
ಅದೇ ರಾತ್ರಿ, ಮೂರು ವಾರ ಮುಂಚೆ,
ಅಮ್ಮನಿಗೆ ನೋವು.

ಕನೋರಾದ ಆಸ್ಪತ್ರೆ ಹದಿನೆಂಟು ಮೈಲಿ.
ಅಪ್ಪ ಹ್ಯಾಂಡಲ್ ಹಾಕಿ ತಿರುಗಿಸಿದ.
ತಿರುಗಿಸಿದ ಅನ್ನುವುದು ಮಾತಿಗೆ.
ಮೂವತ್ತು ಮೇಣವಾಗಿತ್ತು ಒಳಗೆ,
ಹ್ಯಾಂಡಲ್ ಕಾಲು ಸುತ್ತು ಬಂದು ಅವನನ್ನೇ ನೂಕಿತು.
ಅಜ್ಜಿ ಒಲೆಯ ಕೆಂಡವನ್ನೆಲ್ಲ ಬಾಣಲೆಗೆ ಬಾಚಿ
ಟ್ರಕ್ಕಿನ ಹೊಟ್ಟೆಯಡಿ ಸರಿಸಿದಳು.
ನಾನು ಲಾಟೀನು ಹಿಡಿದೆ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆವು
ಎಣ್ಣೆ ಕರಗಲೆಂದು.
ಒಳಗೆ ಒಲೆ ತಣ್ಣಗಾಗುತ್ತಿದೆಯೆಂದು
ಯಾರಿಗೂ ಹೊಳೆಯಲಿಲ್ಲ.

ಎಂಜಿನ್ ಕೆಮ್ಮಿ, ನಡುಗಿ, ಕೊನೆಗೂ ಹಿಡಿದುಕೊಂಡಾಗ
ಮನೆಯೊಳಗಿಂದ ಇನ್ನೊಂದು ಕೂಗು.
ಅಮ್ಮ ಒಬ್ಬಳೇ ಇದ್ದಳು.
ಕೆಂಡ ಮತ್ತೆ ಒಳಕ್ಕೆ ಬಂತು.
ಮಗುವನ್ನು ಬೂಟಿನ ಪೆಟ್ಟಿಗೆಯಲ್ಲಿ ಉಣ್ಣೆ ಹಾಸಿ ಮಲಗಿಸಿದರು,
ಒಲೆಯ ಹಿಂದೆ, ಡಬ್ಬದ ಜಾಗದಲ್ಲಿ.
ಟ್ರಕ್ಕು ಆರಿಸಲು ಎಲ್ಲರೂ ಮರೆತರು.
ಪೆಟ್ರೋಲು ಮುಗಿಯುವ ತನಕ
ಅಂಗಳದಲ್ಲಿ ನಿಂತಲ್ಲೇ ಗುಡುಗುಡು ಅನ್ನುತ್ತಿತ್ತು.

ಚರ್ಚಿನ ಪುಸ್ತಕದಲ್ಲಿ ಅವನ ಹೆಸರು ಒನೂಫ್ರಿ.
ಊರಿಗೆಲ್ಲ ತ್ರಿಟ್ಸ್ಯಾತ್, ನಮ್ಮ ಉಕ್ರೇನಿ ಮಾತಿನ ಮೂವತ್ತು.
ಅವಸರದಲ್ಲಿ ಹುಟ್ಟಿದವನು ಆಮೇಲೆಂದೂ ಅವಸರಪಡಲಿಲ್ಲ;
ಬೆಳಿಗ್ಗೆ ಕೇಳಿದ್ದಕ್ಕೆ ಮಧ್ಯಾಹ್ನ ಉತ್ತರ.
ಅಮ್ಮ ಮಾತ್ರ ಒಮ್ಮೆಯೂ ಹಾಗೆ ಕರೆಯಲಿಲ್ಲ.
ಆ ರಾತ್ರಿಯ ಬಗ್ಗೆ ಅಪ್ಪನಿಗೆ ಏನೂ ಅನ್ನಲಿಲ್ಲ.
ಮರುವರ್ಷದಿಂದ ಸೆಪ್ಟೆಂಬರಿನ ಮೊದಲ ದಿನ
ಲಂಗ ಎತ್ತಿ ಕಟ್ಟಿ ತಾನೇ ಟ್ರಕ್ಕಿನಡಿ ಮಲಗಿ ಎಣ್ಣೆ ಬಸಿದಳು,
ಎಷ್ಟೇ ಮೈಲಿ ಉಳಿದಿರಲಿ.
ಅಪ್ಪ ಡಬ್ಬಿ ಹಿಡಿದು ನಿಲ್ಲುತ್ತಿದ್ದ, ಟೋಪಿ ತೆಗೆದು.

ಇವತ್ತು ತಂದ ಪ್ಲಾಸ್ಟಿಕ್ ಡಬ್ಬಿಯನ್ನು
ಹೀಟರಿನ ಪಕ್ಕ ಇಟ್ಟಿದ್ದೇನೆ.
ಬೇಕಿಲ್ಲ, ಗೊತ್ತು.
ಭಾನುವಾರದ ಊಟಕ್ಕೆ ಬಂದ ಒನೂಫ್ರಿ
ಮುಚ್ಚಳ ತೆಗೆದು ಮೂಸಿದ.
ಸೂಪು ಕುಡಿದ. ರೊಟ್ಟಿ ಮುರಿದ.
ಕೋಟು ಹಾಕಿಕೊಂಡು ಬಾಗಿಲ ತನಕ ಹೋಗಿ,
"ಇದಕ್ಕೆ ವಾಸನೆಯೇ ಇಲ್ಲವಲ್ಲೇ" ಅಂದ.