ಏನೂ ಇಲ್ಲ

ರಜೆಯ ಅರುವತ್ತೊಂದು ದಿನ
ಮಲ್ಪೆ ಧಕ್ಕೆಯಲ್ಲಿ ಬೋಟುಗಳೆಲ್ಲ ಪಕ್ಕೆಗೆ ಪಕ್ಕೆ ತಾಗಿ
ಹಳೇ ಟಯರು ಉಜ್ಜುತ್ತ ನಿಂತಿರುತ್ತವೆ.
ನಾವು ಐವರು, ವೀಲ್‌ಹೌಸಿನೊಳಗೆ.
ಮಗುಚಿದ ಮೀನಿನ ಕ್ರೇಟು, ಮೇಲೊಂದು ಗೋಣಿ,
ಮೂರೆಲೆ ಆಟ.

ನಾನು ಇಂಜಿನ್ ಡ್ರೈವರ್. ನನ್ನ ಕಿವಿ ಕೆಂಪಾಗುತ್ತದೆ.
ಒಳ್ಳೆ ಎಲೆ ಬಂದರೆ ಎಡದ್ದು, ಸುಳ್ಳು ಹೇಳುವಾಗ ಎರಡೂ.
ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬನನ್ನು ಬಿಟ್ಟು.
ಮೂರು ಮಳೆಗಾಲ ಸೋತ ಮೇಲೆ
ತಾಂಡೇಲ ಗಿರಿಯಪ್ಪ ತಿಂಗಳಾಯರು ಕನಿಕರದಿಂದ ಹೇಳಿದರು.

ಅವರ ಮುಖದಲ್ಲಿ ಓದಲಿಕ್ಕೆ ಅಕ್ಷರವೇ ಇಲ್ಲ.
ಬೀಡಿ ಹಚ್ಚುವುದು ಒಂದೇ ರೀತಿ,
ನೋಟು ಮುಂದೆ ತಳ್ಳುವುದು ಅದೇ ಒಂದು ಬೆರಳಲ್ಲಿ,
ಕೈಯಲ್ಲಿ ಮೂರು ಎಕ್ಕವಿರಲಿ
ಎರಡು-ಐದು-ಒಂಬತ್ತರ ಕಸವಿರಲಿ.
"ಸುಳ್ಳು ಹೇಳಲಿಕ್ಕೆ ಕಲಿಯಬೇಡ ಮಾರಾಯ,
ನಿಜ ಹೇಳುವಾಗ ಹೇಗೆ ಕೂತಿರುತ್ತಿ, ಅದನ್ನು ಕಲಿ.
ಮತ್ತೆ, ಹೆಡ್ಡನ ಎದುರು ಹಾಕಬೇಡ.
ಅವನು ಶೋ ಕೇಳಿಯೇ ಕೇಳುತ್ತಾನೆ.
ಹೆದರಲಿಕ್ಕೂ ಸ್ವಲ್ಪ ಬುದ್ಧಿ ಬೇಕು."
ಶೀನ ಕರ್ಕೇರ ತಲೆಯಾಡಿಸಿದ, ಯಾರೋ ಬೇರೆಯವರ ಮಾತೆಂಬಂತೆ.

ಕಡಲಲ್ಲೂ ಅವರದು ಇದೇ ಆಟ.
ಬಲೆ ತುಂಬ ಬೊಂಡಾಸು, ವಿಂಚು ನರಳುತ್ತಿದೆ,
ನಾವು ಬಾಯಿ ಮುಚ್ಚಿ ಎಳೆಯುತ್ತಿದ್ದೇವೆ.
ವಯರ್‌ಲೆಸ್ಸಿನಲ್ಲಿ ಗಂಗೊಳ್ಳಿಯವರು: ಎಂತ ಉಂಟು?
ತಾಂಡೇಲರು ಗುಂಡಿ ಒತ್ತಿ, ಆಕಳಿಸಿ,
"ಏನೂ ಇಲ್ಲ."
ದೂರದ ದೀಪ ಆಚೆಗೆ ತಿರುಗುವುದು ಕಾಣುತ್ತದೆ.
ಹತ್ತರಲ್ಲಿ ಆರು ಸಲ ನಿಜಕ್ಕೂ ಏನೂ ಇರುವುದಿಲ್ಲ,
ಆಗಲೂ ಅದೇ ಆಕಳಿಕೆ.
ಆ ಆರು ಹೊತ್ತುಕೊಂಡ ಬೆನ್ನ ಮೇಲೆ
ಈ ನಾಲ್ಕು ಕೂತು ಹೋಗುತ್ತವೆ ಅಂತ
ತಿಳಿಯಲು ನನಗೆ ವರ್ಷಗಳೇ ಬೇಕಾದವು.

ಹೋದ ವರ್ಷ ಒಂದು ಸಲ ಗೆದ್ದೆ.
ಕಿವಿ ಮುಚ್ಚುವಂತೆ ಮಫ್ಲರು ಸುತ್ತಿ,
ಕಳಾವರ್ ಮೂರು, ಡೈಮನ್ ಏಳು, ಒಬ್ಬ ಬಡಪಾಯಿ ಗುಲಾಮ,
ಇಷ್ಟಿಟ್ಟುಕೊಂಡು ನಾನೂರು ತಳ್ಳಿದೆ.
ತಾಂಡೇಲರು ಮಫ್ಲರನ್ನೇ ನೋಡಿದರು,
ನಕ್ಕು ಎಲೆ ಮಗುಚಿದರು.
ಅವರ ಕೈಯಲ್ಲಿ ಏನಿತ್ತೋ ಇವತ್ತಿಗೂ ಗೊತ್ತಿಲ್ಲ.
ಮಗುಚಿದ ಎಲೆಯನ್ನು ಕೇಳಬಾರದು.

ಈ ಜೂನಿನಲ್ಲಿ ಅವರು ಬಂದದ್ದು ತಡ.
ಮಗಳ ಜೊತೆ ಮಣಿಪಾಲಕ್ಕೆ ಹೋಗಿದ್ದರಂತೆ, ಎರಡು ಸಲ.
ಕೈಯಲ್ಲಿ ದೊಡ್ಡ ಕಂದು ಲಕೋಟೆ, ಫಿಲ್ಮಿನದು.
ಒದ್ದೆಯಾಗದ ಹಾಗೆ ಲೈಫ್ ಜಾಕೆಟಿನಡಿ ತೂರಿಸಿ ಕೂತರು.
ಬೀಡಿ ತೆಗೆದರು, ಹಚ್ಚಲಿಲ್ಲ,
ಕಿವಿಗೆ ಸಿಕ್ಕಿಸಿಕೊಂಡರು.
"ಡಾಕ್ಟರು ಎಂತ ಹೇಳಿದರು?"
ಕೇಳಿದವ ಶೀನ. ಮತ್ಯಾರು ಕೇಳುತ್ತಾರೆ.

"ಏನೂ ಇಲ್ಲ." ಆಕಳಿಸಿದರು. "ಹಂಚು."

ಹತ್ತರಲ್ಲಿ ಆರು ಸಲ, ಅಂದುಕೊಂಡೆ.
ಶೀನ ಮತ್ತೆ ಬಾಯಿ ತೆರೆಯುತ್ತಿದ್ದ,
ಕ್ರೇಟಿನ ಅಡಿಯಲ್ಲಿ ಅವನ ಕಾಲು ತುಳಿದೆ.
ಎಲೆ ಹಂಚಿದೆ.
"ಒಳ್ಳೇದಾಯಿತು ತಾಂಡೇಲರೇ," ಎಂದು ನಕ್ಕು
ನನ್ನ ಮೂರನ್ನು ನೋಡದೆಯೇ ಹತ್ತು ರೂಪಾಯಿ ಇಟ್ಟೆ.
ಎರಡೂ ಕಿವಿ ಸುಡುತ್ತಿದ್ದವು.
ಮಫ್ಲರು ಮನೆಯಲ್ಲೇ ಉಳಿದಿತ್ತು.