ಬಟವಾಡೆ

ಒಂಬತ್ತು ಕಿಲೋ ತೂಕ. ಮೂರು ಮಹಡಿ ಹೊತ್ತು ತಂದ ಎಸ್ಬೆನ್
ಮೊಣಕಾಲು ಹಿಡಿದುಕೊಂಡು ಕೇಳಿದ: "ಇದರೊಳಗೆ ಏನಿದೆ, ವಿಬೇಕೆ?"
ಒಂದು ಮೋಟಾರು. ಒಂದು ಕೆಂಪು ಕಣ್ಣು.
ಸಿಡಿಯನ್ನು ಅದುಮಿ ಹಿಡಿಯಲು ಬಿಲ್ಲೆಯಷ್ಟು ಅಯಸ್ಕಾಂತ.
"ಮತ್ತೆ ಹಾಡು?"
ಹಾಡಿಲ್ಲ. ಇದು ಹಾಡುವ ಜಾತಿಯಲ್ಲ.
ಸೊನ್ನೆ, ಒಂದು, ಸೊನ್ನೆ ಎಂದು ಓದಿ
ಪಕ್ಕದ ಪೆಟ್ಟಿಗೆಯ ಕೈಗೆ ಕೊಡುತ್ತದೆ;
ಕೊಟ್ಟದ್ದು ರಾಗವೋ ರದ್ದಿಯೋ ಇದಕ್ಕೆ ಗೊತ್ತಿಲ್ಲ.
"ಅಷ್ಟಕ್ಕೆ ಇಷ್ಟು ಕ್ರೋನರ್?"

ಆರ್ಹುಸ್‌ನಲ್ಲಿ ಮೂವತ್ತೊಂದು ವರ್ಷ ಕಾಗದ ಹಂಚಿದವಳು ನಾನು.
ಅಷ್ಟಕ್ಕೆ ಇಷ್ಟೇ ಎಂಬ ಮಾತು ಕಿವಿಗೆ ಹಳತು.
ಯಾರು ತಂದರೂ ಲಕೋಟೆಯೊಳಗಿನ ಅಕ್ಷರ ಅದೇ,
ಒಪ್ಪುತ್ತೇನೆ. ಮಂಜಿನಲ್ಲಿ ಜಾರಿ ಸೈಕಲ್ಲಿನಿಂದ ಬಿದ್ದ ದಿನವೂ
ನಮ್ಮ ಅಕ್ಷರದ ತಲೆಯ ಮೇಲಿನ
ಒಂದು ಪುಟ್ಟ ಸೊನ್ನೆಯೂ ಉದುರಲಿಲ್ಲ.

ಭಾನುವಾರ ಪರೀಕ್ಷೆ. ಎಸ್ಬೆನ್ ಗಣಿತದ ಮೇಷ್ಟ್ರು,
ಬಿಡುವವನಲ್ಲ. ಹಾಸಿಗೆಯ ಚಾದರ ಅಡ್ಡ ಕಟ್ಟಿದ.
ಅದರ ಹಿಂದೆ ನನ್ನದು, ಮತ್ತು ಸಂತೆಯಲ್ಲಿ
ಐವತ್ತು ಕ್ರೋನರಿಗೆ ಕೊಂಡ ಅವನ ಪ್ಲಾಸ್ಟಿಕ್ ಪ್ಲೇಯರು.
ಅದೇ ಕೇಬಲ್ಲು, ಅದೇ ಸ್ಪೀಕರು, ಗೀರಿಲ್ಲದ ಹೊಸ ಸಿಡಿ,
ನ್ಯಾಯ ನ್ಯಾಯವಾಗಿರಲಿ ಎಂದು.
ನಾನು ಪೆನ್ಸಿಲು ಕಚ್ಚುತ್ತ ಕೂತೆ. ಹೊರಗೆ ನಾಲ್ಕಕ್ಕೇ ಕತ್ತಲು.
ಏಳನೆಯ ಸಲ ಪಿಟೀಲು ಕೊಂಚ ಹತ್ತಿರ ಬಂದು ಕೂತಂತಾಯಿತು;
ಬಂದದ್ದು ಪಿಟೀಲಲ್ಲ, ನನ್ನ ಆಸೆ.
ಇಪ್ಪತ್ತಕ್ಕೆ ಹನ್ನೊಂದು.
"ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರುತ್ತಿತ್ತು," ಎಂದ,
ಕುಹಕವಿಲ್ಲದೆ, ಮೇಜಿನ ಮೇಲಿನ ಕಾಫಿಯ ಉಂಗುರ ಒರೆಸುತ್ತ.
"ಫೋನಿನಲ್ಲಿ ಎಲ್ಲ ಸಿಗುತ್ತದೆ, ವಿಬೇಕೆ. ಎಲ್ಲ."

ಎಲ್ಲ ಅಲ್ಲ.
ನಮ್ಮ ಅಂಚೆಯವರ ಹಿತ್ತಾಳೆ ಬ್ಯಾಂಡು ಸಿಗುವುದಿಲ್ಲ.
ತೊಂಬತ್ತನಾಲ್ಕರಲ್ಲಿ, ಕಾಗದ ವಿಂಗಡಿಸುವ ಹಜಾರದಲ್ಲಿ,
ಯಂತ್ರಗಳನ್ನು ನಿಲ್ಲಿಸಿ ಒಂದು ರಾತ್ರಿ ನುಡಿಸಿದ್ದು.
ನಾನೂರು ಪ್ರತಿ. ನನ್ನದನ್ನು, ನಾನು ಕೇಳುವ ಮೊದಲೇ,
ನಾಲ್ಕು ವರ್ಷದ ರಾಗ್ನಾ
ಕಡಲ ಮರಳಲ್ಲಿ ಚಕ್ರ ಮಾಡಿ ಉರುಳಿಸಿದ್ದಳು.
ಅಂದಿನಿಂದ ಮೂರನೆಯ ವಾಲ್ಟ್ಸ್ ನಡುವೆ ಕುಂಟುತ್ತಿತ್ತು:
ಟ್ರಂಬೋನು ಮೂರು ಮೆಟ್ಟಿಲಿಳಿದು, ಟಕ್, ನೇರ ಅಂಗಳಕ್ಕೆ.
ಅಡುಗೆಮನೆಯಲ್ಲಿ ನಾವೂ ಅಲ್ಲೇ ಜಿಗಿಯುತ್ತಿದ್ದೆವು.
ವಾಲ್ಟ್ಸ್‌ನ ಹೆಜ್ಜೆಯೇ ಹಾಗೆ ಎಂದು ನಂಬಿ
ರಾಗ್ನಾ ತನ್ನ ಮದುವೆಯಲ್ಲೂ ಜಿಗಿದು ಗಂಡನ ಕಾಲು ತುಳಿದಳು.

ಮೊನ್ನೆ ಅದನ್ನು ಈ ಒಂಬತ್ತು ಕಿಲೋದೊಳಗಿಟ್ಟೆ.
ಮೂರು ಮೆಟ್ಟಿಲು. ಸೌಟು ಹಿಡಿದೇ ಜಿಗಿದೆ.
ಟಕ್ ಇಲ್ಲ.
ನಾಲ್ಕನೆಯ ಮೆಟ್ಟಿಲಲ್ಲಿ ಯಾರೋ ನಿಂತಿದ್ದರು:
ಒಂದು ಕಾರ್ನೆಟ್, ಒಂಟಿ, ಏಳೆಂಟು ಸೆಕೆಂಡು,
ಏನನ್ನೋ ಕೇಳಿ, ಉತ್ತರಕ್ಕೆ ಕಾದು, ಬದಿಗೆ ಸರಿಯಿತು.

ಪ್ರೆಬೆನ್. ಎಂಟನೇ ಬೀಟಿನ ಪ್ರೆಬೆನ್.
ಸಿಡಿ ಕೈಗಿಟ್ಟ ವಾರವೇ ಸೈಕಲ್ ನಿಲ್ಲಿಸಿ ಕೇಳಿದ್ದ:
"ನನ್ನ ಭಾಗ ಕೇಳಿದೆಯಾ?"
ಹೂಂ, ಚೆನ್ನಾಗಿತ್ತು, ಎಂದಿದ್ದೆ, ಚೀಲ ಹೆಗಲಿಗೇರಿಸುತ್ತ.
ಇನ್ನೇನೋ ಹೇಳುವವನಿದ್ದ. ನನಗೆ ಗಡಿಬಿಡಿ.
ಮೂವತ್ತು ವರ್ಷ ಚೀಲದ ತಳದಲ್ಲೇ ಉಳಿದ ಕಾಗದ.

ಎಸ್ಬೆನ್ ಸುಮ್ಮನಿರಲಿಲ್ಲ. ತನ್ನ ಐವತ್ತರದ್ದರಲ್ಲೂ ಹಾಕಿದ:
ಮೊದಲ ಸಲ ಅದೂ ಓದಿತು. ಎರಡನೆಯ ಸಲ ಹಾರಿತು.
ಮೂರನೆಯದಕ್ಕೆ ಓದಿತು. "ಹತ್ತು ಸಲವಾದರೂ ನೋಡಬೇಕು,"
ಎನ್ನುತ್ತ ಹಾಳೆಯಲ್ಲಿ ಗೆರೆ ಎಳೆಯತೊಡಗಿದ.
ಎಳೆಯಲಿ.
ಊರಿನ ಕೆಂಪು ಡಬ್ಬಿಗಳನ್ನು ಕಿತ್ತಿದ್ದಾರೆ;
ನಮ್ಮ ಮೂಲೆಯ ಗೋಡೆಯಲ್ಲಿ ನಾಲ್ಕು ತೂತು ಉಳಿದಿವೆ.
ಪ್ರೆಬೆನ್ ಹಾರ್ಸೆನ್ಸ್‌ನಲ್ಲಿದ್ದಾನೆ, ಬಸ್ಸಿನಲ್ಲಿ ಒಂದು ಗಂಟೆ.
ಕಿವಿ ಈಗ ಮಂದವಂತೆ.
ಹೋಗಿ ಜೋರಾಗಿ ಹೇಳಬೇಕು.
ಏನೆಂದು? ಚೆನ್ನಾಗಿತ್ತು ಎಂದರೆ,
ಅಂದೇ ಹೇಳಿದ್ದೆಯಲ್ಲ, ಎಂದಾನು.