ಹಗ್ಗದ ಗಂಟು

ಅಕ್ಕಲಕೋಟಿ ಕಡೆಯಿಂದ ಜೀಪ ಬರತದ ತಿಂಗಳಿಗೊಮ್ಮಿ.
ಅದರಾಗ ಪ್ರಾಜಕ್ತಾಬಾಯಿ, ಐಸಿನ ಡಬ್ಬಿ, ಎಂಟು ಬಾಟ್ಲಿ,
ಒಂದು ತಾಟು. ಊಟದ ತಾಟಲ್ಲ.
ನಾಕು ಹೋಳು ಮಾಡಿ ಕರಿ ಬಿಳಿ ಬಣ್ಣ ಹಚ್ಚ್ಯಾರ,
ನಡುವಿನ ತೂತಿಗೆ ಹಗ್ಗ,
ಹಗ್ಗಕ್ಕ ಗೇಣಿಗೊಂದು ಗಂಟು.

ಆಕಿಗೆ ನೀರಂದರ ಅಂಜಿಕಿ.
ಅದಕ್ಕ ತಾಟು ಬಿಡಾವ ನಾನು, ಅಂಬಿಗರ ಮಲಕಪ್ಪ,
ದೋಣಿ ಬಾಡಿಗಿ ದೀಡನೂರು.
ಬಿಳಿ ಕಾಣೂದು ನಿಂತ ಕೂಡಲೆ "ಥಾಂಬಾ" ಅಂತಾಳ.
ನಾ ಗಂಟು ಎಣಸತೀನಿ ಕನ್ನಡದಾಗ,
ಆಕಿ ಬರಕೋತಾಳ ಮರಾಠ್ಯಾಗ.
ಮೊದಲ ಹನ್ನೊಂದು ಇತ್ತು.
ಹನ್ನೊಂದು ಅಂದರ, ಮೀನ ಬಲಿ ನೋಡಿ
ತಿರಗಿ ಹೋಗೂವಷ್ಟು ತಿಳಿ.
ನನ್ನ ಹೊಟ್ಟಿಗೆ ಅದು ಲುಕ್ಸಾನ, ಖರೆ.

ಈಗ ದಂಡಿಗುಂಟ ಬಾಂಧಕಾಮ.
"ಲೇಕ್ ವ್ಯೂ" ಅಂತ ಫಲಕ, ಮೂವತ್ತಾರು ಬಂಗಲೆ,
ಕಿಡಕ್ಯಾಗ ನಿಂತರ ನೀರ ಕಾಣಬೇಕಂತ.
ಕಾಯದೆದ ಫಲಕನೂ ಅದ ಬಾಜೂಕ, ಸಣ್ಣದು:
ನೀರೇರೂ ಕಲ್ಲಿನಿಂದ ಇಷ್ಟು ಮೀಟರ್ ಬಿಡ್ರಿ,
ಮಣ್ಣ ತಡಿಯಾಕ ಹಸರ ಬಟ್ಟಿ ಕಟ್ಟರಿ,
ಕಾಂಕ್ರೀಟ ಗಾಡಿ ತೊಳದ ನೀರ ಹೊಂಡಕ್ಕ ಬಿಡ್ರಿ, ಧರಣಕ್ಕಲ್ಲ.
ಓದಿ ಹೇಳಿದವ ಮೊಮ್ಮಗ ಈರೇಶ.

ಹಸರ ಬಟ್ಟಿ ಮೊದಲನೆ ಗಾಳಿಗೇ ಬಿತ್ತು;
ಈಗದು ಸೈಬಣ್ಣನ ಆಡಿಗೆ ನೆರಳು.
ಕಲ್ಲು ಮಾತ್ರ ನಡೀತು.
ಒಂದು ರಾತ್ರಿ ಜೇಸಿಬಿ ಗುಡುಗಿತು, ಮುಂಜಾನೆ ನೋಡಿದರ
ಕಲ್ಲು ನೀರಿನ ಸಮೀಪ ಬಂದು ನಿಂತಿತ್ತು,
ನೀರಡಿಸಿದ ಎತ್ತಿನಂಗ.

ಗುತ್ತೇದಾರ ಶಿರಗಾಪುರೆ ಕೆಟ್ಟವ ಏನಲ್ಲ.
ನನ್ನ ಮಗಳಿಗೆ ಬ್ಯಾನಿ ಬಂದ ರಾತ್ರಿ ಗಾಡಿ ಕೊಟ್ಟವ.
ಬಾಯಿ ಬರೂಕಿಂತ ಮೊದಲ ಚಾ ತರಿಸಿ ಅಂದ:
"ಮಲಕಪ್ಪ, ದೋಣಿ ನಡುಗಡ್ಡಿ ಆಚಿ ಒಯ್ಯಿ.
ನೀರ ಅಂದರ ನೀರ. ಅಲ್ಲೂ ಅದೇ ಧರಣ."
ಕಿಸೆದಾಗ ಐನೂರು ಇಟ್ಟ.
ಇಟ್ಟಾವ ಅವ. ತಗದು ಒಗೀಲಾರದಾವ ನಾನು.

ನಡುಗಡ್ಡಿ ಆಚಿ ತಾಟು ಇಳೀತು, ಇಳೀತು,
ಒಂಬತ್ತಕ್ಕ "ಥಾಂಬಾ."
ಬರಕೊಂಡಳು. ಬಾಟ್ಲಿ ತುಂಬಿ ಚೀಟಿ ಹಚ್ಚಿದಳು.
ತಿರಗಿ ಬರೂ ಮುಂದ ನನ್ನ ಹುಟ್ಟು ನೋಡಿದಳು;
ದಂಡಿ ಹತ್ತರ ಅದಕ್ಕ ಬಿಳಿ ಗಸಿ ಹತ್ತಿತ್ತು.
ಏನೂ ಕೇಳಲಿಲ್ಲ.
ಕೇಳಿದ್ದರ ಚಲೋ ಇತ್ತು.

ಆ ಒಂಬತ್ತು ಸರಕಾರದ್ದಲ್ಲ, ನಂದು.
ಸೋಲಾಪುರದ ಯಾವದೋ ಕಪಾಟಿನಾಗ
ಶಿಕ್ಕಾ ಹೊಡಸ್ಕೊಂಡು ಕುಂತಿರತದ.

ರವಿವಾರ ಕೆಲಸ ಬಂದ್. ಬಿಸಲು ನೆತ್ತಿ ಮ್ಯಾಲ.
ಮನ್ಯಾಕಿ ಭಾಗವ್ವನ ಪರಾತಕ್ಕ
ಅರ್ಧ ದೋಣಿ ಡಾಂಬರ, ಅರ್ಧ ಬಿಳಿ ಪೇಂಟ ಬಳದು,
ತೂಕಕ್ಕ ಬಲಿಯ ಗುಂಡು ಕಟ್ಟಿ,
ಗಾಡಿ ತೊಳಿಯೂ ಮೋರಿ ಬಾಯಿಗೆ ದೋಣಿ ನಿಲ್ಲಿಸಿದೆ.
ನೀರ ಮಜ್ಜಿಗಿ ಬಣ್ಣ. ಕೈ ಹಾಕಿದರ ಚುರುಚುರು.
ಎರಡು ಚಿಲಾಪಿ ಹೊಟ್ಟಿ ಮ್ಯಾಲ ಮಾಡಿ ತೇಲತಿದ್ದವು.
ಬಲಿಗೆ ಬೀಳದ ಮೀನ ನಾವು ಮಾರೂದಿಲ್ಲ.
ಪರಾತ ಬಿಟ್ಟೆ.
ಒಂದು.
ಎರಡು.
ಎರಡೂವರಿಗೆ ಬಿಳಿ ಇಲ್ಲ, ಕರಿ ಇಲ್ಲ, ಪರಾತನ ಇಲ್ಲ.

ನನಗ ಬರಿಯಾಕ ಬರೂದಿಲ್ಲ.
ಹಗ್ಗದ ಆ ಜಾಗಾಕ ಕೆಂಪ ಚಿಂದಿ ಕಟ್ಟಿ
ಗ್ವಾಡಿ ಮಳಿಗೆ ತೂಗ ಹಾಕಿದೆ,
ಐನೂರರ ನೋಟು ಚುಚ್ಚಿದ ಮಳಿಗೇ.
ಬರೂ ತಿಂಗಳ ಜೀಪ ಬಂದರ
ಎರಡೂ ಕೆಳಗ ಇಳಸಬೇಕು.
ಯಾವದು ಮೊದಲ ಅಂತ ಭಾಗವ್ವನ್ನ ಕೇಳಿದೆ.
ಹಿಟ್ಟಿನ ಕೈಲೆ ಅಂದಳು:
ಮೊದಲ ನನ್ನ ಪರಾತ ತಿಕ್ಕಿ ಕೊಡು.